ಕರು ಕಚ್ಚಿದ ಬ್ಯಾರಲ್ ಅವರ ಸನ್ನಿಧಾನಕ್ಕೆ

ಮಾನ್ಯ ಬ್ಯಾರಲ್ ಅವರೇ,

ಬೀಟೆ ಮರದ ವಂಶಸ್ಥರೂ, ಹೆಬ್ಬೆರಳಿನಷ್ಟೇ ಉದ್ದವಿದ್ದರೂ ಇಡೀ ಕ್ಲಾರಿನೆಟ್ಟನ್ನು ಹದ್ದುಬಸ್ತಿನಲ್ಲಿ ಇಟ್ಟವರೂ, ಮೈಮೇಲೆ ಕರುವಿನ ದವಡೆಹಲ್ಲಿನ ಗುರುತನ್ನು ಪದಕದಂತೆ ಧರಿಸಿದವರೂ ಆದ ತಮ್ಮ ಪಾದಗಳಿಗೆ, ಪಾದಗಳು ಇಲ್ಲದಿರುವುದರಿಂದ ತಮ್ಮ ಎರಡು ತುದಿಯ ಎರಡು ಬಾಯಿಗಳಿಗೆ, ಕಾಮಸಮುದ್ರ ಹೋಬಳಿಯ ಮುನಿನಾರಾಯಣಪ್ಪನ ನಮಸ್ಕಾರಗಳು. ನಾನು ಬೆಳಿಗ್ಗೆ ಡೇರಿಗೆ ಹಾಲು ಹಾಕುವವನು, ಮದುವೆಯ ತಿಂಗಳುಗಳಲ್ಲಿ ಬಂಗಾರಪೇಟೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ಸಾಮಾನ್ಯವಾಗಿ ಪತ್ರದ ಆರಂಭದಲ್ಲಿ ತಾವು ಕ್ಷೇಮವೇ ಎಂದು ಕೇಳುವುದು ರೂಢಿ. ತಾವು ಕ್ಷೇಮವಾಗಿದ್ದೀರಿ, ಮದುವೆಯ ದಿನವೂ ಕ್ಷೇಮವಾಗಿಯೇ ಇದ್ದಿರಿ, ಅದೇ ನನ್ನ ದೂರು.

ಈ ದೂರನ್ನು ನಾನು ಕೂತು ಬರೆದದ್ದಲ್ಲ. ಫೋನಿಗೆ ಮಾತಾಡಿ ತುಂಡು ತುಂಡಾಗಿ ಕಳಿಸಿದ್ದು. ಒಂದು ತುಂಡು ಕೊಟ್ಟಿಗೆಯಲ್ಲಿ, ಒಂದು ಬಸ್ಸಿನಲ್ಲಿ, ಇನ್ನೊಂದು ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಾ. ಅದನ್ನೆಲ್ಲ ಕೇಳಿ ಬರಹಕ್ಕಿಳಿಸಿದವಳು ನಮ್ಮ ಸೆಟ್ಟಿನಲ್ಲಿ ಕೀಬೋರ್ಡ್ ನುಡಿಸುವ ನವ್ಯ. ನಾನು ನನ್ನ ಬಾಯಿಗೆ ಬಂದಂತೆ ಹೇಳಿದ್ದನ್ನು ಅವಳು "ಮಾವ, ದೂರು ಅಂದ್ರೆ ಮರ್ಯಾದೆ ಜಾಸ್ತಿ ಇರ್ಬೇಕು, ಆಗ್ಲೇ ಅದು ಚುಚ್ಚೋದು" ಎಂದು ಎಲ್ಲ ಕಡೆ ತಾವು, ತಮ್ಮ, ತಮಗೆ ಎಂದು ತಿದ್ದಿದ್ದಾಳೆ. ಆದ್ದರಿಂದ ಇದರಲ್ಲಿರುವ ವಿನಯ ಅವಳದು, ಹೊಟ್ಟೆಯುರಿ ನನ್ನದು.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಮದುವೆಗೆ ಬಂದವರು ಕ್ಲಾರಿನೆಟ್ಟಿನ ಬೆಳ್ಳಿಬಣ್ಣದ ಕೀಲಿಗಳನ್ನು ನೋಡುತ್ತಾರೆ, ಊದುವವನ ಉಬ್ಬಿದ ಕೆನ್ನೆಯನ್ನು ನೋಡಿ ಮಕ್ಕಳು ನಗುತ್ತಾರೆ. ಬಾಯಿಗಿಡುವ ಮೌತ್‌ಪೀಸಿಗೂ ತೂತುಗಳಿರುವ ಮೈಗೂ ನಡುವೆ, ಕುತ್ತಿಗೆಯ ಜಾಗದಲ್ಲಿ ಮಟ್ಟಸವಾಗಿ ಕೂತ ತಮ್ಮನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ತಮಗೆ ತೂತಿಲ್ಲ, ಕೀಲಿಯಿಲ್ಲ, ಬೆರಳಿಡಲು ಒಂದು ಜಾಗವೂ ಇಲ್ಲ. ಆದರೆ ತಾವು ಒಂದು ಕೂದಲಿನಷ್ಟು ಉದ್ದವಾದರೆ ನನ್ನ ಸ್ವರವೆಲ್ಲ ಕೆಳಗಿಳಿಯುತ್ತದೆ, ಒಂದು ಕೂದಲಿನಷ್ಟು ಗಿಡ್ಡವಾದರೆ ಎಲ್ಲ ಮೇಲೇರುತ್ತದೆ. ಕಚೇರಿಯಲ್ಲಿ ದೊಡ್ಡವರ ಕೊಠಡಿಗೂ ಜನರ ಸಾಲಿಗೂ ನಡುವೆ ಸುಮ್ಮನೆ ಒಂದು ಸ್ಟೂಲಿನ ಮೇಲೆ ಕೂತು, ಯಾರ ಕಾಗದ ಯಾವಾಗ ಒಳಗೆ ಹೋಗಬೇಕೆಂದು ತೀರ್ಮಾನಿಸುವ ಮಹನೀಯರು ಇರುತ್ತಾರಲ್ಲ, ಅವರಲ್ಲಿ ತಮ್ಮ ಕುಲದವರೇ ಹೆಚ್ಚೆಂದು ನನ್ನ ಗುಮಾನಿ.

ಇನ್ನು ನನ್ನ ಸಂಸಾರದ ವಿಷಯ. ನಮ್ಮ ಕಡೆ ಶ್ರುತಿಯನ್ನು ಕಟ್ಟೆಯ ಲೆಕ್ಕದಲ್ಲಿ ಹೇಳುತ್ತೇವೆ, ಹಾರ್ಮೋನಿಯಂ ಮನೆಗಳನ್ನು ಎಣಿಸಿದ ಹಾಗೆ. ನನ್ನ ಬಳಿ ಮೂರು ಕ್ಲಾರಿನೆಟ್‌ಗಳಿವೆ. ಎಲ್ಲ ಮದುವೆಗೂ ಊದುವುದು ಆರೂವರೆ ಕಟ್ಟೆಯದು. ಮೆರವಣಿಗೆಯಲ್ಲಿ ಪಟಾಕಿಯನ್ನೂ ಮೀರಿಸಿ ಕಿರುಚಲು ಒಂದು ಪುಟ್ಟದು, ಮೇಲಿನ ಸ್ಥಾಯಿಯ ಎರಡೂವರೆ ಕಟ್ಟೆ. ಮೂರನೆಯದು ಆರು ಕಟ್ಟೆಯದು, ಆರೂವರೆಗಿಂತ ಎರಡು ಬೆರಳು ಉದ್ದ, ಅರ್ಧ ಕಟ್ಟೆ ಕೆಳಗೆ, ದನಿ ಮಾತ್ರ ಕಾಯಿಸಿದ ಹಾಲಿನ ಕೆನೆಯಂಥದು. ಅದು ಮಾರಿಕುಪ್ಪಂನ ಆರುಮುಗಂ ಮೇಷ್ಟ್ರದು. ನನಗೂ ನಮ್ಮ ಸೆಟ್ಟಿನ ಅರ್ಧ ಜನಕ್ಕೂ ಊದಲು ಕಲಿಸಿದವರು ಅವರೇ. ಕೈ ನಡುಗಲು ಶುರುವಾದ ಮೇಲೆ ಅದನ್ನು ನನಗೆ ಕೊಟ್ಟರು.

ನಮ್ಮ ಸೆಟ್ಟಿನಲ್ಲಿ ಒಂದು ಪದ್ಧತಿಯಿದೆ. ಸೆಟ್ಟಿನವರ ಮನೆಯ ಹೆಣ್ಣುಮಗಳ ಮದುವೆಯಾದರೆ, ಹೆಣ್ಣೊಪ್ಪಿಸುವ ಹೊತ್ತಿಗೆ ಡ್ರಮ್ಮು, ಟ್ರಂಪೆಟ್ಟು ಎಲ್ಲ ಸುಮ್ಮನಾಗಬೇಕು, ಶ್ರುತಿಯೊಂದು ಹಿಡಿದಿರಬೇಕು, ಹುಡುಗಿಯ ಅಪ್ಪನೇ ಆ ಆರು ಕಟ್ಟೆಯದರಲ್ಲಿ ಒಪ್ಪಿಸುವ ಹಾಡನ್ನು ಒಬ್ಬನೇ ಊದಬೇಕು. ಅಪ್ಪನಿಗೆ ಡ್ರಮ್ಮು ಮಾತ್ರ ಬರುತ್ತಿದ್ದರೆ ಅವನ ಪರವಾಗಿ ನಾನು ಊದಿ, ಅವನು ಪಕ್ಕದಲ್ಲಿ ನಿಂತು ಕ್ಲಾರಿನೆಟ್ಟಿನ ತುದಿಯನ್ನು ಮುಟ್ಟಿಕೊಂಡಿರುತ್ತಾನೆ. ಹೀಗೆ ಬೇರೆಯವರ ಹೆಣ್ಣುಮಕ್ಕಳನ್ನು ನಾನು ಒಂದು ಸ್ವರವೂ ಅಲುಗದಂತೆ ಕಳಿಸಿಕೊಟ್ಟಿದ್ದೇನೆ. ಈ ಕಾರ್ತಿಕದಲ್ಲಿ ನನ್ನ ಮಗಳು ಭಾನುಪ್ರಿಯಳ ಸರದಿ ಬಂತು.

ಭಾನುಪ್ರಿಯ ಹಾಲಿನ ಶೀತಲ ಕೇಂದ್ರದಲ್ಲಿ ಹಾಲಿನ ಕೊಬ್ಬು ಅಳೆಯುವವಳು, ಸ್ವಂತ ಅಪ್ಪನ ಕ್ಯಾನನ್ನೂ ನಂಬದವಳು. ಅವಳಿಗೆ ಹುಟ್ಟಿದಾಗಿನಿಂದ ಒಂದು ಕಾಯಿಲೆ: ಸ್ವರ ತಪ್ಪಿದರೆ ನಗು ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ನಾನು ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದುದರಿಂದ ಅವಳು ತುಂಬ ಸಂತೋಷವಾಗಿ ಬೆಳೆದಳು. ಲಗ್ನ ಗೊತ್ತಾದ ದಿನ ಅವಳು ನನ್ನೆದುರು ಕೂತು ಹೇಳಿದ ಮಾತನ್ನು ತಮ್ಮ ಗಮನಕ್ಕೆ ತರುತ್ತೇನೆ.

"ಅಪ್ಪ, ನೀನೇ ಊದ್ಬೇಕು, ಬ್ಯಾರೆ ಯಾರೂ ಬ್ಯಾಡ. ಆದ್ರೆ ನವ್ಯಕ್ಕನ ಕೀಬೋರ್ಡ್ ಒಂದ್ ಕಡೆ, ನಿನ್ ಕ್ಲಾರಿನೆಟ್ ಒಂದ್ ಕಡೆ ಹೋದ್ರೆ ನಂಗೆ ನಗು ಬಂದ್ಬಿಡ್ತದೆ. ಮದ್ವೆ ಪೂರ್ತಿ ಫೋಟೋದವ್ನಿಗೆ ನಕ್ಕೂ ನಕ್ಕೂ ದವಡೆ ನೋಯ್ತಿರ್ತದೆ. ಆ ಒಂದ್ ಗಳಿಗೆ ಮಾತ್ರ ಚೆನ್ನಾಗಿ ಅಳ್ಬೇಕು ಅಂತ ಇಟ್ಕೊಂಡಿದೀನಿ. ಕೆಡಿಸ್ಬ್ಯಾಡ."

ಮದುಮಗಳಿಗೆ ಅಪ್ಪನಾದವನು ಒಡವೆ ಕೊಡಬೇಕು, ಸೀರೆ ಕೊಡಬೇಕು ಎಂದು ತಿಳಿದಿದ್ದೆ. ಒಂದು ಅಳು ಕೊಡಬೇಕಾಗಿ ಬಂದವನು ನಾನೊಬ್ಬನೇ ಇರಬೇಕು. ಅದನ್ನು ಸರಿಯಾದ ಶ್ರುತಿಯಲ್ಲಿ ಕೊಡುತ್ತೇನೆಂದು ಎದೆ ತಟ್ಟಿ ಒಪ್ಪಿಕೊಂಡೆ. ಒಪ್ಪಿಕೊಂಡ ವಾರದಲ್ಲೇ ಆರು ಕಟ್ಟೆಯದರ ಹಳೆಯ ಬ್ಯಾರಲನ್ನು ಕಳೆದುಹಾಕಿದೆ.

ಅದು ಕಳೆದ ಬಗೆಯನ್ನು ಹೇಳಿದರೆ ತಾವು ನಗುತ್ತೀರಿ, ಆದರೂ ಹೇಳುತ್ತೇನೆ. ಚಳಿಯಲ್ಲಿ ಬ್ಯಾರಲ್ ಬೆಚ್ಚಗಿದ್ದರೆ ಸ್ವರ ಇಳಿಯುವುದಿಲ್ಲವೆಂದು ಯಾರೋ ಹೇಳಿದ್ದರು. ಅದಕ್ಕೆ ತಮಗಿಂತ ಮುಂಚೆ ಆ ಸ್ಥಾನದಲ್ಲಿದ್ದ ಅಧಿಕಾರಿಗಳನ್ನು ಅಂಗಿಯ ಜೇಬಿನಲ್ಲಿ, ಎದೆಯ ಬಿಸಿಗೆ ಇಟ್ಟುಕೊಂಡು ಮೇಷ್ಟ್ರ ಮನೆಗೆ ಹೊರಟೆ. ಕೋರಮಂಡಲ್ ಸ್ಟೇಷನ್ ಹತ್ತಿರ ರೈಲಿನ ಬಾಗಿಲಲ್ಲಿ ಬಗ್ಗಿ, ಗುರುತಿನವರೊಬ್ಬರಿಗೆ ಲಗ್ನದ ದಿನ ಕೂಗಿ ಹೇಳಿದೆ. ದಿನ ಅವರಿಗೆ ಕೇಳಿಸಿತು, ಬ್ಯಾರಲ್ ಹಳಿಯ ಪಕ್ಕದ ಪೊದೆಗೆ ಹೋಯಿತು. ವಾಪಸು ನಡೆದು ಹುಡುಕಿದೆ. ಸಿಕ್ಕಿದ್ದು ಒಂದು ಚಪ್ಪಲಿ. ಅದು ಯಾವ ಕಟ್ಟೆಯದೆಂದು ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ನನ್ನ ಬ್ಯಾರಲ್ ಆಯ್ಕೆ. ಮೊದಲು, ಕುತ್ತಿಗೆ ಎಲ್ಲವಕ್ಕೂ ಒಂದೇ ತಾನೇ ಎಂದುಕೊಂಡು ಪುಟ್ಟ ಎರಡೂವರೆಯದರ ಬ್ಯಾರಲನ್ನು ದೊಡ್ಡ ಆರಕ್ಕೆ ಇಟ್ಟು ನೋಡಿದೆ. ಮೊಮ್ಮಗನ ಟೋಪಿಯನ್ನು ತಾತನ ತಲೆಗೆ ಹಾಕಿದ ಹಾಗಾಯಿತು, ಒಳಗೇ ಹೋಗಲಿಲ್ಲ. ಆರೂವರೆಯದು ಮಾತ್ರ ಸಲೀಸಾಗಿ ಕೂತಿತು, ಕೂತದ್ದೇ ಅನಾಹುತ. ಅದು ಗಿಡ್ಡ, ಸ್ವರ ಮೇಲೇರಿತು. ಸ್ವಲ್ಪ ಹೊರಗೆಳೆದರೆ ಉದ್ದವಾಗಿ ಸರಿಹೋಗುತ್ತದಲ್ಲ ಎಂದು ಎಳೆದೆ. ಆಗ ತಿಳಿಯಿತು ತಮ್ಮ ಕುಲದ ಗುಣ: ಎಳೆದರೆ ತಮ್ಮ ಹತ್ತಿರದ ತೂತುಗಳ ಸ್ವರಗಳು ದಡಾರನೆ ಇಳಿಯುತ್ತವೆ, ಕೆಳತುದಿಯ ಸ್ವರಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಡ್ರೈವರು ಬ್ರೇಕ್ ಹಾಕಿದಾಗ ಮುಂದಿನ ಸೀಟಿನವರು ಮುಗ್ಗರಿಸಿ, ಹಿಂದಿನ ಸೀಟಿನವರು ನಿದ್ದೆ ಮುಂದುವರಿಸಿದ ಹಾಗೆ. ಒಂದೇ ಹಾಡಿನೊಳಗೆ ಅರ್ಧ ಸ್ವರಗಳು ಬೇತಮಂಗಲಕ್ಕೂ ಅರ್ಧ ಸ್ವರಗಳು ಬಂಗಾರಪೇಟೆಗೂ ಹೊರಟವು. ಒಳಗಿನಿಂದ ಮಗಳ ನಗು ಕೇಳಿಸಿತು.

ಫೋನಿನಲ್ಲಿ ಹುಡುಕಿದೆ. ಅಲ್ಲಿ ಒಂದೊಂದು ಬ್ಯಾರಲ್‌ಗೂ ಮದುವೆ ಬ್ರೋಕರು ಹೇಳುವಂತೆ ಗುಣಗಾನ ಬರೆದಿದ್ದರು: ಇವರು ಗಂಭೀರ, ಇವರದು ತುಂಬಿದ ಕಂಠ, ಇವರು ಎಲ್ಲರೊಂದಿಗೂ ಹೊಂದಿಕೊಳ್ಳುತ್ತಾರೆ, ಇವರ ಒಳಗಿನ ತೂತು ಮೇಲೆ ಅಗಲ ಕೆಳಗೆ ಕಿರಿದು. ಊಟದ ಹೊತ್ತಿನಲ್ಲೂ ನಾನು ಇಂಥವನ್ನೇ ನೋಡುತ್ತಿದ್ದುದನ್ನು ಕಂಡು ನನ್ನ ಹೆಂಡತಿ ಗಂಗರತ್ನಮ್ಮ, "ಮಗಳಿಗೆ ಗಂಡು ನೋಡೋವಾಗ ಒಂದ್ ತಟ್ಟೆ ಕೇಸರಿಬಾತು ಮುಗಿಯೋದ್ರೊಳ್ಗೆ ಊಂ ಅಂದ್ಬಿಟ್ಟೆ. ಈ ಮರದ ತುಂಡಿಗೆ ತಿಂಗ್ಳಿಂದ ಜಾತ್ಕ ನೋಡ್ತಾ ಇದೀಯಾ" ಎಂದಳು. ಹುಡುಗ ಒಳ್ಳೆಯವನೇ, ಬೇತಮಂಗಲದ ಕಡೆಯವನು; ಆದರೆ ಅವನು ಚಳಿಯಲ್ಲಿ ಹೇಗೆ, ಸೆಕೆಯಲ್ಲಿ ಹೇಗೆ ಎಂದು ನಾನು ವಿಚಾರಿಸಲಿಲ್ಲ ಎಂಬುದು ನಿಜ.

ಕೊನೆಗೆ ಬಂಗಾರಪೇಟೆಯಲ್ಲಿ ಮಂಚದ ಕಾಲು ಕಡೆಯುವ ಕೋದಂಡಪ್ಪನ ಬಳಿಗೆ ಹೋಗಿ, ಒಂದು ಹಳೆಯ ಬೀಟೆಯ ಕಾಲನ್ನು ಕೊಟ್ಟು, ಚಳಿಗೊಂದು, ಸೆಕೆಗೊಂದು, ಎರಡರ ನಡುವೆ ಒಂದು ಎಂದು ಮೂರು ಅಳತೆ ಹೇಳಿದೆ. ಗಾಳಿ ತಣ್ಣಗಿದ್ದರೆ ಕ್ಲಾರಿನೆಟ್ ಇಳಿಯುತ್ತದೆ, ಗಿಡ್ಡ ಬ್ಯಾರಲ್ ಬೇಕು; ಬೆಚ್ಚಗಾದರೆ ಏರುತ್ತದೆ, ಉದ್ದದ್ದು ಬೇಕು. ಕೋದಂಡಪ್ಪ ಲೇತ್ ನಿಲ್ಲಿಸಿ ನನ್ನನ್ನೇ ನೋಡಿದ. "ಮಂಚ ಅಂದ್ರೆ ಎಲ್ಲಾ ಕಾಲೂ ಒಂದೇ ಉದ್ದ ಇರ್ಬೇಕು ಕಣಣ್ಣ. ನೀನ್ ನೋಡಿದ್ರೆ ಮೂರ್ ಕಾಲು ಕೇಳ್ತೀಯಾ, ಮೂರೂ ಬ್ಯಾರೆ ಬ್ಯಾರೆ ಉದ್ದ. ಬೀಗ್ರನ್ನ ಮಲಗಿಸ್ತೀಯೇನು ಅದ್ರ ಮ್ಯಾಲೆ?" ಹೀಗೆ ಕೇಳಿದರೂ ಅಚ್ಚುಕಟ್ಟಾಗಿ ಕಡೆದು ಕೊಟ್ಟ. ಆ ಮೂವರಲ್ಲಿ ನಡುವಿನವರೇ ತಾವು.

ಮೂವರನ್ನೂ ಊದಿ, ಒಂದೊಂದಕ್ಕೂ ವಾಯ್ಸ್ ನೋಟ್ ಮಾಡಿ ಮೇಷ್ಟ್ರಿಗೆ ಕಳಿಸಿದೆ. ಮೇಷ್ಟ್ರು ಮೂರಕ್ಕೂ ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದರು. ಖುದ್ದಾಗಿ ಹೋಗಿ ಕೇಳಿದರೆ, "ಯಾವುದಾದ್ರೂ ಒಂದು ಇಟ್ಕೋ ಡಾ ಮುನಿ. ಬ್ಯಾರಲ್ ಮೂರು ಇದ್ರೂ ಬಾಯಿ ಒಂದೇ ತಾನೇ? ತುಟಿ ಸಡಿಲ ಬಿಟ್ರೆ ಯಾವ ಬ್ಯಾರಲೂ ನಿನ್ನ ಕಾಪಾಡಲ್ಲ ಡಾ" ಎಂದರು. ವಯಸ್ಸಾಯಿತು, ಹೊಸ ವಿಷಯಗಳು ತಿಳಿಯುವುದಿಲ್ಲ ಎಂದುಕೊಂಡು ನಾನು ಅವರ ಕಾಲು ಮುಟ್ಟಿ ಬಂದೆ.

ಬಂದು ನೋಡಿದರೆ ತಾವು ಡಬ್ಬದಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಗಂಗರತ್ನಮ್ಮ ಕರುವಿನ ಕುತ್ತಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ಅದರ ಬಾಯಿಯ ಪಕ್ಕದಿಂದ ತಮ್ಮನ್ನು ತೂರಿಸಿ, ತಮ್ಮ ಮೂಲಕ ಎಳ್ಳೆಣ್ಣೆ ಹೊಯ್ಯುತ್ತಿದ್ದಳು. ಕರುವಿಗೆ ಹೊಟ್ಟೆಯುಬ್ಬರವಾಗಿತ್ತು. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಸೀಳಿಹೋಗಿತ್ತು. ದನದ ಔಷಧಿಯೂ ನನ್ನ ಬ್ಯಾರಲ್‌ಗಳೂ ಒಂದೇ ಗೂಡಿನಲ್ಲಿ ಇರುವುದು ನಮ್ಮ ಮನೆಯ ಏರ್ಪಾಡು. ನಾನು "ಅಯ್ಯೋ, ಅದು ಆರು ಕಟ್ಟೆದು!" ಎಂದು ಕಿರುಚಿದೆ. ಕರು ಆ ಕಿರುಚಾಟಕ್ಕೆ ಬೆದರಿ ತಮ್ಮನ್ನು ಕಟಕ್ಕೆಂದು ಕಚ್ಚಿತು.

"ಕಿರುಚ್ಬ್ಯಾಡ," ಎಂದಳು ಗಂಗರತ್ನಮ್ಮ, ತಿರುಗಿಯೂ ನೋಡದೆ. "ನಿಂಗೆ ಕೊಳ್ವೆ ಐದವೆ. ನಂಗೆ ಕರ ಒಂದೇ."

ಕರು ಉಳಿಯಿತು. ತಮ್ಮನ್ನು ಸೀಗೆಪುಡಿಯಲ್ಲಿ ತೊಳೆದು ನೆರಳಲ್ಲಿ ಆರಿಸಿ, ಇನ್ನು ಇದು ಒಲೆಗೇ ಎಂದುಕೊಂಡು ಒಮ್ಮೆ ಸುಮ್ಮನೆ ಹಾಕಿ ಊದಿದೆ. ಅಲ್ಲಿಯವರೆಗೆ ಬಿಸಿಲಿಗೊಂದು ಚಳಿಗೊಂದು ರಾಗ ಹಾಡುತ್ತಿದ್ದ ಮರ ಎಣ್ಣೆ ಕುಡಿದು ಹದವಾಗಿತ್ತು. ಸ್ವರ ಅಲುಗಲಿಲ್ಲ. ಮೇಲಿನದು, ಕೆಳಗಿನದು, ನಡುವಿನದು, ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಕೂತವು. ನವ್ಯ ಕೀಬೋರ್ಡಿನ ಎದುರು ಪರೀಕ್ಷೆ ಮಾಡಿ, "ಸರ್ಯಾಗೈತೆ ಮಾವ, ಇನ್ ಮುಟ್ಬ್ಯಾಡಿ. ಸ್ವಲ್ಪ ಹಿಂಡಿ ವಾಸನೆ ಬತ್ತದೆ, ಅಷ್ಟೇ" ಎಂದಳು. ಉದ್ದದ್ದೂ ಗಿಡ್ಡದ್ದೂ ತಮ್ಮ ಮುಂದೆ ತಲೆತಗ್ಗಿಸಿದವು. ತಿಂಗಳುಗಟ್ಟಲೆ ನಾನು ಮಾಡಿದ ಆಯ್ಕೆಯನ್ನು ಒಂದು ಕರು ಬಾಯಿ ಹಾಕಿ ಮುಗಿಸಿಬಿಟ್ಟಿತ್ತು.

ಮದುವೆಯ ದಿನ ಚೌಲ್ಟ್ರಿಯಲ್ಲಿ ಧಾರೆಯಾಯಿತು, ಊಟವಾಯಿತು. ಒಪ್ಪಿಸುವ ಹೊತ್ತಿಗೆ ಮುಂಚೆ ನಾನು ಸ್ಟೋರ್ ರೂಮಿನಲ್ಲಿ ಬಾಳೆಲೆಯ ಕಟ್ಟುಗಳ ನಡುವೆ ನಿಂತು ಮತ್ತೊಮ್ಮೆ ಊದಿ ನೋಡಿದೆ. ತಾವು ನಿಷ್ಠೆಯಿಂದ ಇದ್ದಿರಿ. ಹೊರಗೆ ಬಂದೆ. ಹಾಲಿನ ತಟ್ಟೆಯಲ್ಲಿ ಭಾನುಪ್ರಿಯಳ ಕೈ ಅದ್ದಿಸಿ, ಆ ಒದ್ದೆ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ನನ್ನ ಬೆರಳನ್ನು ಪಂಚೆಗೆ ಒರೆಸಿಕೊಂಡು ಕ್ಲಾರಿನೆಟ್ ಎತ್ತಿದೆ. ಡ್ರಮ್ಮು ನಿಂತಿತು. ನವ್ಯ ಕೀಬೋರ್ಡಿನಲ್ಲಿ ಒಂದೇ ಷಡ್ಜ ಹಿಡಿದಳು. ಮೊದಲ ಸಾಲು ಊದಿದೆ. ಮಾನ್ಯರೇ, ಆ ಸಾಲನ್ನು ನಾನು ಜನ್ಮದಲ್ಲಿ ಅಷ್ಟು ಚೆನ್ನಾಗಿ ಊದಿಲ್ಲ. ಮಗಳು ತಲೆ ತಗ್ಗಿಸಿದಳು, ಭುಜ ಅಲುಗಿತು. ಇಟ್ಟುಕೊಂಡಿದ್ದ ಅಳು ಸರಿಯಾದ ಹೊತ್ತಿಗೆ ಬಂದೇಬಿಟ್ಟಿತು.

ಎರಡನೆಯ ಸಾಲಿನಲ್ಲಿ ನಾನು ಇಳಿದೆ. ಒಂದು ಕೂದಲಿನಷ್ಟಲ್ಲ, ಮೆಟ್ಟಿಲು ತಪ್ಪಿದವನಂತೆ ಇಳಿದೆ. ಷಡ್ಜ ಅಲ್ಲೇ ಇತ್ತು, ನಾನು ಅದರ ಕೆಳಗೆಲ್ಲೋ ತಡಕಾಡುತ್ತಿದ್ದೆ. ಅಡುಗೆಯವರೂ ಸೌಟು ಹಿಡಿದು ಬಾಗಿಲಿಗೆ ಬಂದರು.

ಆಗ ನಾನು ಮಾಡಿದ ಕೆಲಸಕ್ಕೆ ತಮ್ಮ ಕ್ಷಮೆ ಕೇಳಬೇಕು. ಬಾಯಿಂದ ಕ್ಲಾರಿನೆಟ್ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ತಮ್ಮನ್ನು ಹುಬ್ಬು ಗಂಟಿಕ್ಕಿ ನೋಡಿದೆ. ತಿರುಗಿಸಿದೆ. ಒಳಗೆ ಒತ್ತಿದೆ. ಮತ್ತೆ ನೋಡಿದೆ. ಕರು ಕಚ್ಚಿದ ಗುರುತಿನ ಮೇಲೆ ಬೆರಳಾಡಿಸಿ, ಬೀಗರ ಕಡೆಗೆ ತಿರುಗಿ ತಲೆಯಾಡಿಸಿದೆ, ಏನು ಮಾಡುವುದು ಸ್ವಾಮಿ, ಸಾಮಾನು ಸರಿಯಿಲ್ಲ ಎಂಬ ಹಾಗೆ. ಮುಂದಿನ ಸಾಲಿನ ಕುರ್ಚಿಯಿಂದ ಆರುಮುಗಂ ಮೇಷ್ಟ್ರು, ಚೌಲ್ಟ್ರಿಯ ಕೊನೆಯವರೆಗೂ ಕೇಳುವಂತೆ ಹೇಳಿದರು: "ಅದನ್ನ ಯಾಕೆ ಡಾ ನೋಡ್ತೀಯಾ? ಅದು ಸರಿಯಾಗೇ ಐತೆ. ಮೊದ್ಲು ಮೂಗು ಒರ್ಸ್ಕೋ."

ಆಗಲೇ ನನಗೆ ತಿಳಿದದ್ದು, ನಾನು ಅಳುತ್ತಿದ್ದೆನೆಂದು. ತುಟಿ ನಡುಗುತ್ತಿತ್ತು. ತುಟಿ ಸಡಿಲಾದರೆ ಸ್ವರ ಇಳಿಯುತ್ತದೆಂದು ಬೇರೆಯವರಿಗೆ ಪಾಠ ಹೇಳುವವನು ನಾನು. ಚಳಿಗೆ ಬ್ಯಾರಲ್ ಮಾಡಿಸಿದೆ, ಸೆಕೆಗೆ ಮಾಡಿಸಿದೆ, ಇದಕ್ಕೊಂದು ಬೇಕಾಗಬಹುದೆಂದು ಹೊಳೆಯಲೇ ಇಲ್ಲ. ಭಾನುಪ್ರಿಯ ತಲೆಯೆತ್ತಿ ನನ್ನನ್ನು ನೋಡಿದಳು. ಕೆನ್ನೆಯ ಮೇಲೆ ನೀರು ಹಾಗೇ ಇರುವಾಗಲೇ ಅವಳಿಗೆ ನಗು ಬಂತು, ಹುಟ್ಟಿದಾಗಿನ ಅದೇ ನಗು, ನಿಲ್ಲದ ನಗು. ನಗುತ್ತಾ, ಅಳುತ್ತಾ, ಬೀಗಿತ್ತಿಯ ಕೈಯಿಂದ ಒಂದು ಕೈ ಬಿಡಿಸಿಕೊಂಡು ಹಾಲಿನ ಬೆರಳಲ್ಲೇ ನನ್ನ ಕಣ್ಣೊರೆಸಿ, "ಅಪ್ಪ, ಇಳ್ದೋದೆ. ಪರ್ವಾಗಿಲ್ಲ, ಅಲ್ಲಿಂದ್ಲೇ ಊದು" ಎಂದಳು.

ಊದಿದೆ. ಮತ್ತೆ ಇಳಿದೇ ಊದಿದೆ. ಈ ಸಲ ನವ್ಯ ಕೀಬೋರ್ಡಿನಿಂದ ಕೈ ತೆಗೆದುಬಿಟ್ಟಳು. ಷಡ್ಜ ನಿಂತ ಮೇಲೆ ನಾನು ಇಳಿದಿದ್ದೇನೆಂದು ಹೇಳಲು ಅಲ್ಲಿ ಯಾವ ಸಾಕ್ಷಿಯೂ ಉಳಿಯಲಿಲ್ಲ. ಹಾಡು ಮುಗಿಯುವವರೆಗೂ ಮಗಳು ಬಾಗಿಲಲ್ಲಿ ನಿಂತೇ ಇದ್ದಳು.

ಈಗ ದೂರಿನ ಸಾರಾಂಶ. ತಾವು ಅಂದು ಒಂದಿಷ್ಟು ಬಿರುಕು ಬಿಟ್ಟಿದ್ದರೆ, ಸ್ವಲ್ಪ ಉಬ್ಬಿದ್ದರೆ, ಕನಿಷ್ಠ ಕರುವಿನ ಹಲ್ಲಿನ ನೆಪವಾದರೂ ಹೇಳಿದ್ದರೆ, ತಪ್ಪು ತಮ್ಮದೆಂದು ಹೇಳಿ ನಾನು ಗಂಡಸಾಗಿ ತಲೆಯೆತ್ತಿ ಓಡಾಡುತ್ತಿದ್ದೆ. ತಾವು ಒಂದು ಕೂದಲೂ ಅಲುಗದೆ ಸರಿಯಾಗಿ ಇದ್ದುದರಿಂದ ನನಗೆ ಅಡಗಿಕೊಳ್ಳಲು ಜಾಗವೇ ಇಲ್ಲದಾಯಿತು. ಡೇರಿಯ ಸಾಲಿನಲ್ಲಿ ಈಗ ಜನ ನನ್ನನ್ನು ಕಂಡು ಮೂಗು ಒರೆಸಿಕೊಳ್ಳುತ್ತಾರೆ. ಆದ್ದರಿಂದ ತಾವು ದಯಮಾಡಿ, ಅಪ್ಪಂದಿರ ಮೂಗು ಸೋರುವ ಹೊತ್ತನ್ನು ಮೊದಲೇ ಅರಿತು, ತುಟಿ ಎಷ್ಟು ನಡುಗುತ್ತದೋ ಅಷ್ಟು ತಾವಾಗಿಯೇ ಗಿಡ್ಡವಾಗುವ ವ್ಯವಸ್ಥೆ ಮಾಡಿಕೊಳ್ಳಬೇಕು. ಅದು ಸಾಧ್ಯವಿಲ್ಲವಾದರೆ ಸಾರ್ವಜನಿಕವಾಗಿ ತಪ್ಪನ್ನು ಒಪ್ಪಿಕೊಳ್ಳಬೇಕು. ಅದೂ ಆಗದಿದ್ದರೆ, ನನ್ನ ಕಿರಿಯ ಮಗಳು ಸುಮಲತಳ ಮದುವೆಯ ಹೊತ್ತಿಗೆ ತಮ್ಮ ಹಿರಿಯರಂತೆ ಕೋರಮಂಡಲ್ ಪೊದೆಗೆ ಹಾರಿ ನನ್ನ ಮಾನ ಉಳಿಸಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ಮೇಲೆ ಪೂರ್ತಿ ವಿಶ್ವಾಸವಿದ್ದು, ತನ್ನ ತುಟಿಯ ಮೇಲೆ ಎಳ್ಳಷ್ಟೂ ಇಲ್ಲದ,
ತಮ್ಮ ವಿಶ್ವಾಸಿ
ಮುನಿನಾರಾಯಣಪ್ಪ

ಮರೆತ ಮಾತು: ಕರು ಚೆನ್ನಾಗಿದೆ, ತಮ್ಮನ್ನು ಕೇಳುತ್ತಿರುತ್ತದೆ. ನಾನು ಊದಲು ಕೂತರೆ ಹಗ್ಗ ಎಳೆದುಕೊಂಡು ಬಂದು ತಮ್ಮ ಮೇಲೇ ಕಣ್ಣಿಡುತ್ತದೆ. ಹೊಸ ಬಿದಿರಿನ ಗೊಟ್ಟ ತಂದುಕೊಟ್ಟರೂ ಗಂಗರತ್ನಮ್ಮ "ಅದೇ ವಾಸಿ, ಕೈಗೆ ಒಗ್ಗೈತೆ" ಎಂದು ತಮ್ಮನ್ನೇ ದನದ ಔಷಧಿಯ ಡಬ್ಬದಲ್ಲಿ ಎತ್ತಿಟ್ಟಿದ್ದಾಳೆ. ಅಲ್ಲಿ ತಮ್ಮ ಹುದ್ದೆ ಕಾಯಂ ಆಗಿದೆ. ನನ್ನ ಕ್ಲಾರಿನೆಟ್ಟಿನಲ್ಲಿ ತಾವು ಇನ್ನು ಮುಂದೆ ಅವಳ ಅನುಮತಿಯ ಮೇರೆಗೆ ಬಂದುಹೋಗುವ ಅತಿಥಿಗಳು ಮಾತ್ರ. ಅಂದಹಾಗೆ, ಭಾನುಪ್ರಿಯ ಬೇತಮಂಗಲದಿಂದ ಫೋನ್ ಮಾಡಿದ್ದಳು. ಮದುವೆಯ ವಿಡಿಯೋದಲ್ಲಿ ಅವಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುವುದು ನಾನು ಇಳಿದ ಜಾಗವನ್ನಂತೆ. ಸರಿಯಾಗಿ ಊದಿದ ಮೊದಲ ಸಾಲಿನಲ್ಲಿ, ಅಂದರೆ ತಮ್ಮ ಜೀವಮಾನದ ಸಾಧನೆಯ ಹೊತ್ತಿನಲ್ಲಿ, ವಿಡಿಯೋದವನು ಐಸ್‌ಕ್ರೀಂ ಹಂಚುವುದನ್ನು ತೆಗೆಯುತ್ತಿದ್ದನಂತೆ.